ಶಾಸನಗಳ ರೈಸ್ ಸಾಹೇಬರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಕೆರೆಯ ಏರಿಯ ಮೇಲೋ, ತೂಬಿನ ಬಳಿಯಲ್ಲೋ, ಹಾಳುಬಿದ್ದ ಗುಡಿಯ ಮುಂದೆಯೋ, ಹೊಲದ ಬದುವಿನಲ್ಲೋ ಬರಹವುಳ್ಳ ಕಲ್ಲುಗಳು ನಿಂತಿರುವದನ್ನು ನೀವು ನೋಡಿರುವಿರಿ. ಕೆಲವು ಕಲ್ಲುಗಳಿಗೆ ಊರಿನವರು ಅರಿಸಿನ ಕುಂಕುಮ ಹಚ್ಚುವರು. ಕೆಲವಕ್ಕೆ ಎಮ್ಮೆ ಕಟ್ಟುವರು. ಕೆಲವು ಅಡ್ಡಬಿದ್ದು ಬಟ್ಟೆ ಒಗೆಯುವ ಬಂಡೆಗಳಾಗಿರುವವು. ಆ ಅಕ್ಷರಗಳನ್ನು ಓದಬಲ್ಲವರು ಊರಿನಲ್ಲಿ ಒಬ್ಬರೂ ಇಲ್ಲದ ಕಾಲವೊಂದಿತ್ತು. ಈಗ ಅವುಗಳೊಳಗೆ ಬಹಳವಾದವುಗಳ ಅರ್ಥವು ನಮಗೆ ತಿಳಿದದೆ. ಇದು ಮುಖ್ಯವಾಗಿ ಒಬ್ಬ ಮನುಷ್ಯನ ನಾಲ್ವತ್ತು ವರುಷಗಳ ಪ್ರಯಾಸದಿಂದಾಯಿತು. ಆತನೇ ಬೆಂಜಮಿನ್ ಲೂಯಿಸ್ ರೈಸ್ ಎಂಬವರು.

ರೈಸ್ ಎಂಬ ಹೆಸರು ನಮ್ಮ ಸಭೆಗಳಿಗೆ ಹೊಸದಲ್ಲ. ಬೆಂಗಳೂರು ಪೇಟೆಯಲ್ಲಿರುವ ರೈಸ್ ಸ್ಮಾರಕ ದೇವಾಲಯವನ್ನು ಕಂಡವರು ಅನೇಕರುಂಟು. ಆದರೆ ಆ ದೇವಾಲಯವು ಇವರ ಹೆಸರಿನದಲ್ಲ, ಇವರ ತಂದೆಯ ಹೆಸರಿನದು. ತಂದೆಯಾದ ಬೆಂಜಮಿನ್ ರೈಸ್ ಅಯ್ಯನವರು ಲಂಡನ್ ಮಿಶನಿನವರಿಂದ ಕಳುಹಿಸಲ್ಪಟ್ಟು 1837ರಿಂದ 1887ರಲ್ಲಿ ತೀರಿಕೊಳ್ಳುವ ತನಕ ಐವತ್ತು ವರುಷ ಬೆಂಗಳೂರಿನಲ್ಲಿ ಸೇವೆಮಾಡಿದರು. ಕನ್ನಡ ಸತ್ಯವೇದವನ್ನು ತಿದ್ದುವ ಕೆಲಸದಲ್ಲಿಯೂ ಪಾಲುಗೊಂಡರು. ಅವರು ಈ ದೇಶಕ್ಕೆ ಬಂದ ವರುಷವೇ, ಅಂದರೆ 1837ನೇ ಜುಲೈ 17ರಲ್ಲಿ, ಬೆಂಗಳೂರಿನಲ್ಲಿಯೇ ಈ ಮಗನು ಹುಟ್ಟಿದನು. ತಮ್ಮನಾದ ಎಡ್ವರ್ಡ್ ಪೀಟರ್ ರೈಸ್ ಎಂಬವರು ತಂದೆಯಂತೆಯೇ ಮಿಶನೆರಿಯಾಗಿ, ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಹಿರಿಯವನು ಸರ್ಕಾರದ ಕೆಲಸವನ್ನು ಹಿಡಿದನು. ಮಿಶನ್ ಮನೆಯಲ್ಲಿ ಹುಟ್ಟಿದವರೆಲ್ಲರೂ ಉಪದೇಶಿಗಳಾಗಬೇಕೆಂಬ ನಿಯಮವಿಲ್ಲವಷ್ಟೆ.

ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮುಗಿಸಿಕೊಂಡು 1860ರಲ್ಲಿ ಅವರು ತಿರಿಗಿ ಬೆಂಗಳೂರಿಗೆ ಬಂದು, ಮುಂದೆ ಸೆಂಟ್ರಲ್ ಕಾಲೇಜೆಂದು ಹೆಸರಾದ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾದರು. 1865ರಲ್ಲಿ ಮೈಸೂರು ಮತ್ತು ಕೊಡಗು ಸೀಮೆಗಳ ಪಾಠಶಾಲೆಗಳಿಗೆ ಇನ್ಸ್‌ಪೆಕ್ಟರರಾದರು. ಆಗ ನಮ್ಮ ಭಾಗಕ್ಕೆ ರೈಲು ಇರಲಿಲ್ಲ. ಇನ್ಸ್‌ಪೆಕ್ಟರರು ಕುದುರೆಯ ಮೇಲೆ ಊರಿಂದೂರಿಗೆ ಹೋಗಬೇಕಾಗಿತ್ತು. ಹುಡುಗರ ಓದುಬರಹವನ್ನು ಪರೀಕ್ಷಿಸುವದು ಅವರ ಕೆಲಸ. ಆದರೆ ಹೋದ ಹೋದ ಊರುಗಳಲ್ಲೆಲ್ಲಾ ಈ ಬರಹದ ಕಲ್ಲುಗಳು ಅವರ ಕಣ್ಣಿಗೆ ಬಿದ್ದವು. ಅವುಗಳ ಮೇಲಿದ್ದದ್ದು ಕನ್ನಡವೇ. ಆದರೂ ಪಾಠಶಾಲೆಯ ಉಪಾಧ್ಯಾಯನಿಗೂ ಅದು ತಿಳಿಯದು. ಯಾಕಂದರೆ ಸಾವಿರ ವರುಷಗಳಲ್ಲಿ ಅಕ್ಷರದ ರೂಪವೂ ಮಾತಿನ ರೂಪವೂ ಮಾರ್ಪಟ್ಟಿದ್ದವು.

ಅದೇ ಕಾಲದಲ್ಲಿ ಮೈಸೂರಿನ ಕಮಿಷನರರಾದ ಬೌರಿಂಗ್ ದೊರೆಗಳ ಆಡಳಿತದಲ್ಲಿ ಮೇಜರ್ ಡಿಕ್ಸನ್ ಎಂಬವರು ಈ ಸೀಮೆಯ ಸುಮಾರು 150 ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಚಿತ್ರಗಳೇನೋ ಬಂದವು, ಓದುವವರು ಯಾರು? ಆ ಕೆಲಸವು ರೈಸ್ ಸಾಹೇಬರ ಪಾಲಿಗೆ ಬಂತು. ಅವರು ಪಂಡಿತರನ್ನು ಬಳಿಯಲ್ಲಿ ಕೂಡಿಸಿಕೊಂಡು, ಹಳಗನ್ನಡವನ್ನು ಕಲಿತುಕೊಂಡು, ಒಂದೊಂದು ಅಕ್ಷರವನ್ನು ಗುರುತಿಸುತ್ತಾ ಓದಿದರು. ಅವುಗಳ ಭಾಷಾಂತರವು 1879ರಲ್ಲಿ ಪುಸ್ತಕವಾಗಿ ಅಚ್ಚಾಯಿತು. ಈ ಪಂಡಿತರ ವಿಷಯವಾಗಿ ಒಂದು ಮಾತು ಹೇಳಬೇಕು. ಸಾಹೇಬರ ಹೆಸರು ಪುಸ್ತಕದ ಮೊದಲ ಪುಟದಲ್ಲಿ ನಿಂತದೆ. ಬಿಸಿಲಿನಲ್ಲಿ ಕಲ್ಲಿನ ಮುಂದೆ ಕುಳಿತು ನಕಲುಮಾಡಿದವರ ಹೆಸರುಗಳನ್ನು ಬಲ್ಲವರು ಕೊಂಚ ಜನ. ಸಾಹೇಬರೊಬ್ಬರೇ ಈ ರಾಶಿಯನ್ನು ಹೊತ್ತರೆಂದು ಯಾರೂ ನೆನಸಬಾರದು.

ಆ ಕಲ್ಲುಗಳಲ್ಲಿ ಏನು ಬರೆದದೆ? ಮಂತ್ರವೆಂದು ಕೆಲವರೂ, ಹೂಳಿಟ್ಟ ಹೊನ್ನಿನ ಗುರುತೆಂದು ಕೆಲವರೂ ಭಾವಿಸುತ್ತಿದ್ದರು, ಈಗಲೂ ಭಾವಿಸುವವರುಂಟು. ನಿಕ್ಷೇಪದ ಆಶೆಯಿಂದ ರಾತ್ರಿಯಲ್ಲಿ ಶಾಸನದ ಬುಡವನ್ನು ಅಗೆದು, ಕಲ್ಲನ್ನು ಸೀಳಿ, ಏನೂ ಸಿಕ್ಕದೆ ಹೋಗುವವರ ಸುದ್ದಿಯನ್ನು ನಾವು ಕೇಳುತ್ತಲೇ ಇದ್ದೇವೆ. ನಿಜವಾಗಿ ಅವುಗಳಲ್ಲಿ ಬಹುಪಾಲು ನೆಲದ ಪತ್ರಗಳೇ. ಇಂಥ ಅರಸನು ಆಳುತ್ತಿರಲಾಗಿ, ಇಂಥ ಗೌಡನು ಇಂಥ ಕೆರೆಯನ್ನು ಕಟ್ಟಿಸಿದನೆಂದೂ, ಆ ಕೆರೆಯ ಏರಿ ತೂಬುಗಳು ಕೆಡದಂತೆ ನೋಡಿಕೊಳ್ಳುವದಕ್ಕಾಗಿ ಇಷ್ಟು ಗದ್ದೆಯನ್ನು ಬಿತ್ತುವಟ್ಟವಾಗಿ ಬಿಟ್ಟನೆಂದೂ, ಅದರ ಎಲ್ಲೆಯು ಮೂಡಲಿಗೆ ಇಂಥ ಹಳ್ಳ, ಪಡುವಲಿಗೆ ಇಂಥ ಹುಣಿಸೆಯ ಮರವೆಂದೂ ಬರೆದಿರುವದು. ಮತ್ತೆ ಕೆಲವು ವೀರಗಲ್ಲುಗಳು. ಕಳ್ಳರು ಊರಿನ ತುರುಗಳನ್ನು ಹೊಡೆದುಕೊಂಡು ಹೋಗುವಾಗ ಅಡ್ಡಬಂದು ಸತ್ತ ಒಬ್ಬ ಬಡ ಬೇಡನ ಹೆಸರೂ, ಅವನ ಮಕ್ಕಳಿಗೆ ನೆತ್ತರುಗೊಡಗೆಯಾಗಿ ಕೊಟ್ಟ ಹೊಲದ ಅಳತೆಯೂ ಅಲ್ಲಿ ಇರುವವು. ಅರಸರ ಚರಿತ್ರೆಯು ಪುಸ್ತಕಗಳಲ್ಲಿ ಸಿಕ್ಕುವದು. ಒಬ್ಬ ಕೂಲಿಯವನ, ಒಬ್ಬ ದನ ಕಾಯುವವನ ಹೆಸರು ಸಾವಿರ ವರುಷ ಉಳಿದಿರುವದು ಈ ಕಲ್ಲುಗಳಲ್ಲಿ ಮಾತ್ರವೇ.

ಸಾರ್ವಜನಿಕವಾದ ನೆಲವನ್ನು ಕಾಯುವದಕ್ಕೆ ಆ ಕಾಲದ ದೊರೆತನದವರಿಗಿದ್ದ ಉಪಾಯವೂ ಶಾಸನದ ಕೊನೆಯಲ್ಲಿ ಕಾಣುತ್ತದೆ. ಕೆರೆಗೆ ಬಿಟ್ಟ ಭೂಮಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರುಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುವನೆಂದೂ, ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪಕ್ಕೆ ಹೋಗುವನೆಂದೂ ಶಪಿಸಿರುವದು. ಮೇಲೆ ಸೂರ್ಯಚಂದ್ರರನ್ನು ಕೆತ್ತಿರುವರು. ಅವು ಇರುವ ತನಕ ಈ ದಾನವು ನಿಲ್ಲಬೇಕೆಂದು ಅದರ ತಾತ್ಪರ್ಯ. ನೆರೆಯವನ ಮೇರೆಯ ಗುರುತನ್ನು ಸರಿಸುವವನ ಮೇಲೆ ಮೋಶೆಯ ಧರ್ಮಶಾಸ್ತ್ರದಲ್ಲಿಯೂ ಶಾಪವು ಹೇಳಲ್ಪಟ್ಟಿರುವದು ನಮಗೆ ತಿಳಿದದೆ. ಆದರೆ ಶಾಪಕ್ಕೆ ಹೆದರುವವನು ಕಳ್ಳನೇ ಅಲ್ಲ. ಎಷ್ಟೋ ಕೆರೆಗಳ ಬಿತ್ತುವಟ್ಟವು ಯಾರ ಯಾರದೋ ಹೊಲವಾಗಿ ಹೋಯಿತು.

ಶಾಪಕ್ಕೆ ಹೆದರದವರು ಇನ್ನೊಂದು ಕೆಲಸವನ್ನೂ ಮಾಡಿದರು. ಬೇಕಾದ ಭೂಮಿಗೆ ಪುರಾತನ ಅರಸರ ಹೆಸರಿನಲ್ಲಿ ಸುಳ್ಳು ತಾಮ್ರಪತ್ರಗಳನ್ನು ಬರೆಯಿಸಿಟ್ಟುಕೊಂಡರು. ಇದರಿಂದ ರೈಸ್ ಸಾಹೇಬರಿಗೆ ದೊಡ್ಡ ವ್ಯಾಜ್ಯವೊಂದು ಬಂತು. ಗಂಗ ಅರಸರದೆಂದು ಹೇಳುವ ಕೆಲವು ತಾಮ್ರಪತ್ರಗಳನ್ನು ಅವರು ನಿಜವೆಂದು ನಂಬಿ ಅವುಗಳಿಂದ ಗಂಗರ ವಂಶಾವಳಿಯನ್ನು ಕಟ್ಟಿದರು; ಬೊಂಬಾಯಿ ಸೀಮೆಯ ಅಧಿಕಾರಿಯೂ ಮಹಾ ವಿದ್ವಾಂಸರೂ ಆದ ಫ್ಲೀಟ್ ಎಂಬವರು ಅವು ಕೃತ್ರಿಮವೆಂದು ವಾದಿಸಿದರು. ವಾದವು ಎಷ್ಟೋ ವರುಷ ನಡೆಯಿತು. ಕೆಲವು ಪತ್ರಗಳ ವಿಷಯದಲ್ಲಿ ಫ್ಲೀಟರ ಮಾತೇ ನಿಂತಿತು. ರೈಸ್ ಸಾಹೇಬರು ತಮ್ಮ ಕೈಗೆ ಬಂದ ಹಳೆಯ ಬರಹವನ್ನು ಸುಲಭವಾಗಿ ನಂಬುವ ಸ್ವಭಾವದವರಾಗಿದ್ದರೆಂದು ಹೇಳದೆ ವಿಧಿಯಿಲ್ಲ. ಆದರೂ ಗಂಗರೆಂಬ ಅರಸರು ಈ ನೆಲವನ್ನು ಬಹುಕಾಲ ಆಳಿದರೆಂಬ ಅವರ ಮೂಲವಾದ ಮಾತು ಸುಳ್ಳಾಗಲಿಲ್ಲ. ಕಲ್ಲಿನ ಶಾಸನಗಳೇ ಅದಕ್ಕೆ ಸಾಕ್ಷಿ.

ಮೈಸೂರಿನಲ್ಲಿ 1866ರಿಂದ ಇನಾಂ ಕಮಿಷನ್ ಕೆಲಸಮಾಡುತ್ತಾ, ಮಾನ್ಯದ ಭೂಮಿಗಳ ಹಕ್ಕುಪತ್ರಗಳನ್ನು ಪರೀಕ್ಷಿಸುತ್ತಿತ್ತೆಂಬದನ್ನೂ ಇಲ್ಲಿ ನೆನಪಿಗೆ ತಂದುಕೊಳ್ಳಬೇಕು. ಹೀಗಿರಲಾಗಿ ಶಾಸನವೆಂಬದು ಹಳ್ಳಿಯವರಿಗೆ ಬರೀ ಪೂರ್ವಕಾಲದ ಕಥೆಯಾಗಿರಲಿಲ್ಲ. ಉಣ್ಣುವ ಅನ್ನದ ಮಾತಾಗಿತ್ತು. ಸರ್ಕಾರದ ಒಬ್ಬ ಅಧಿಕಾರಿಯು ಬಂದು ಕಲ್ಲನ್ನು ತೊಳಸಿ ಓದಿಸುತ್ತಾನೆಂದರೆ ಅದು ಸಣ್ಣ ಸಂಗತಿಯೇ?

1876-78ರಲ್ಲಿ ಮೈಸೂರು ಮತ್ತು ಕೊಡಗು ಸೀಮೆಗಳ ಗ್ಯಾಸೆಟಿಯರು ಎಂಬ ಮೂರು ಸಂಪುಟಗಳ ಗ್ರಂಥವನ್ನು ಅವರು ಪ್ರಕಟಿಸಿದರು. ಒಂದೊಂದು ತಾಲ್ಲೂಕಿನ ಬೆಟ್ಟ, ಹೊಳೆ, ಬೆಳೆ, ಜಾತಿ, ಚರಿತ್ರೆ ಎಲ್ಲಾ ಅದರಲ್ಲಿ ಅಡಕವಾಗಿವೆ. ಅದು ಅಚ್ಚಾಗುತ್ತಿದ್ದ ಕಾಲದಲ್ಲಿಯೇ ಮಹಾ ಕ್ಷಾಮವು ಬಂದು ಮೈಸೂರು ಸೀಮೆಯಲ್ಲಿ ಸುಮಾರು 10 ಲಕ್ಷ ಜನರು ಸತ್ತರು. ಸಾಹೇಬರು ಲೆಕ್ಕಬರೆದಿದ್ದ ಎಷ್ಟೋ ಹಳ್ಳಿಗಳು ಪುಸ್ತಕವು ಕೈಗೆ ಬರುವಷ್ಟರಲ್ಲಿ ಬರಿದಾದವು. 1881ರಲ್ಲಿ ದೇಶವು ತಿರಿಗಿ ಒಡೆಯರ ವಶಕ್ಕೆ ಬಂದ ಮೇಲೆ ಪುರಾತನ ವಸ್ತುಗಳ ಶೋಧನೆಗೆ ಒಂದು ಇಲಾಖೆಯು ಏರ್ಪಟ್ಟಿತು. ರೈಸ್ ಸಾಹೇಬರು ಮೊದಲು ಬೇರೆ ಕೆಲಸದೊಂದಿಗೆ ಅದನ್ನು ನೋಡಿಕೊಂಡು, 1890ರಿಂದ ಪೂರ್ತಿಯಾಗಿ ಅದಕ್ಕೇ ಮುಖ್ಯಾಧಿಕಾರಿಯಾದರು. 1892ರಲ್ಲಿ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳನ್ನು ಕಂಡುಹಿಡಿದರು. ಕ್ರಿಸ್ತನಿಗೆ ಇನ್ನೂರೈವತ್ತು ವರುಷ ಮುಂಚೆ ಅಶೋಕನ ಅಪ್ಪಣೆಯು ನಮ್ಮ ನೆರೆಯ ಬಂಡೆಗಳ ತನಕ ಬಂದಿತ್ತೆಂಬದು ಆಗ ಲೋಕಕ್ಕೆ ತಿಳಿಯಿತು.

1886ರಲ್ಲಿ ಕೊಡಗಿನ ಶಾಸನಗಳಿಂದ ಮೊದಲುಮಾಡಿ, ಜಿಲ್ಲೆಗೊಂದು ಎರಡರಂತೆ ಹನ್ನೆರಡು ಸಂಪುಟಗಳನ್ನು ಎಪಿಗ್ರಾಫಿಯ ಕರ್ನಾಟಿಕ ಎಂಬ ಹೆಸರಿನಿಂದ ಅವರು ಹೊರತಂದರು. ಕೆಲವು ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾದವು. ಎಲ್ಲಾ ಕೂಡಿ ಸುಮಾರು 9000 ಶಾಸನಗಳು! ಒಂದೊಂದನ್ನೂ ಕನ್ನಡ ಅಕ್ಷರದಲ್ಲಿಯೂ ಇಂಗ್ಲಿಷ್ ಅಕ್ಷರದಲ್ಲಿಯೂ ಬರೆದು, ಇಂಗ್ಲಿಷಿಗೆ ಭಾಷಾಂತರವನ್ನೂ ಕೊಟ್ಟಿದ್ದಾರೆ. ಇಷ್ಟು ಬೇಗ ಇಷ್ಟನ್ನು ಮಾಡಿದ್ದರಿಂದ ತಪ್ಪುಗಳೂ ಸೇರಿದವು. ಮುಂದಿನ ವಿದ್ವಾಂಸರು ಅವುಗಳನ್ನು ತಿದ್ದಿದರು. ಮೈಸೂರು ವಿಶ್ವವಿದ್ಯಾಲಯದವರು 1972ರಿಂದ ಆ ಸಂಪುಟಗಳ ಪರಿಷ್ಕೃತ ಮುದ್ರಣವನ್ನೇ ತೆಗೆಯತೊಡಗಿದರು. ಆದರೆ ಒಂದು ಶಾಸನವನ್ನು ನಿಧಾನವಾಗಿ ಹತ್ತು ಸಾರಿ ಓದುತ್ತಾ ಕುಳಿತಿದ್ದರೆ, ಅಷ್ಟರಲ್ಲಿ ಇನ್ನು ಹತ್ತು ಕಲ್ಲುಗಳು ಕಟ್ಟಡಕ್ಕೆ ಹೋಗುತ್ತಿದ್ದವು. ಬೆಂಕಿ ಬಿದ್ದ ಮನೆಯಿಂದ ಸಾಮಾನು ಎತ್ತುವವನು ಪಾತ್ರೆಯನ್ನು ಬೆಳಗುತ್ತಾ ನಿಲ್ಲುವನೋ?

ನಮ್ಮ ತುಮಕೂರು ಜಿಲ್ಲೆಯದು ಹನ್ನೆರಡನೆಯ ಸಂಪುಟ, ಅಚ್ಚಾದದ್ದು 1904ರಲ್ಲಿ. ಇಲ್ಲಿಯ ನೆಲದ ಹಿಂದಿನ ಸ್ಥಿತಿಯನ್ನು ತಿಳಿಯಬೇಕಾದರೆ ಇದಕ್ಕಿಂತ ಬೇರೆ ಬಾಗಿಲಿಲ್ಲ. ಪಾವಗಡವು ಇಂದಿಗೂ ಬಹುಪಾಲು ಆಂಧ್ರದ ಸೀಮೆಯಿಂದ ಸುತ್ತುವರಿಯಲ್ಪಟ್ಟು, ಜಿಲ್ಲೆಯಿಂದ ಬೇರೆಯಾಗಿ ನಿಂತಿರುವ ತಾಲ್ಲೂಕು. ಅಲ್ಲಿಯ ನಿಡುಗಲ್ಲಿನ ಬೆಟ್ಟದಿಂದ ಇರುಂಗೋಳ ಎಂಬ ಹೆಸರುಳ್ಳ ಚೋಳ ವಂಶದ ಸಣ್ಣ ಅರಸರು ಸುತ್ತಣ ದೇಶವನ್ನು ಆಳಿದರು. ಶಿರಾ ಮತ್ತು ಮಧುಗಿರಿಗಳಿಗೆ ಸಮೀಪವಾಗಿ, ಎಲ್ಲೆಯ ಆಚೆ ಇರುವ ಹೇಮಾವತಿಯೇ ಒಂದಾನೊಂದು ಕಾಲದಲ್ಲಿ ಹೆಂಜೇರು ಎಂಬ ಪಟ್ಟಣವಾಗಿ, ನೊಳಂಬವಾಡಿ ಮೂವತ್ತೆರಡು ಸಾಸಿರವನ್ನಾಳಿದ ನೊಳಂಬರಿಗೆ ರಾಜಧಾನಿಯಾಗಿತ್ತು. ಈಗ ಜೋಳ ಶೇಂಗಾ ಬಿತ್ತುವ ಬಡ ಹಳ್ಳಿಗಳು ಆಗ ಒಂದು ದೊಡ್ಡ ರಾಜ್ಯದ ನಡುಮನೆಯಾಗಿದ್ದವೆಂಬದನ್ನು ಕಲ್ಲುಗಳಲ್ಲದೆ ಮತ್ತಾರು ಹೇಳಿಯಾರು?

ಮಧುಗಿರಿಗೆ ಆಗ ಮದ್ದಗಿರಿಯೆಂದು ಹೆಸರು. ಒಂದೇ ಬಂಡೆಯಂತೆ ಎದ್ದು ನಿಂತಿರುವ ಆ ಬೆಟ್ಟದ ಕೋಟೆಯು ಮಹಾನಾಡ ಪ್ರಭುಗಳೆಂಬ ಪಾಳೆಯಗಾರರಿಂದ ಮೊದಲಾಗಿ, 1678ರಲ್ಲಿ ಚಿಕ್ಕದೇವರಾಜ ಒಡೆಯರ ವಶವಾಯಿತು; ಹೈದರನು ಅದನ್ನು ಬಲಪಡಿಸಿ, 1763ರಲ್ಲಿ ಬಿದನೂರನ್ನು ಹಿಡಿದ ಮೇಲೆ ಅಲ್ಲಿಯ ರಾಣಿ ವೀರಮ್ಮಾಜಿಯನ್ನು ಇದೇ ಬೆಟ್ಟದಲ್ಲಿ ಸೆರೆಯಿಟ್ಟನು; ನಾಲ್ಕು ವರುಷದ ಮೇಲೆ ಮರಾಟೆಯವರು ಬಂದು ಆಕೆಯನ್ನು ಬಿಡಿಸಿದರು. ಶಿರಾ ಪಟ್ಟಣವನ್ನು ಕಟ್ಟತೊಡಗಿದವನು ರತ್ನಗಿರಿಯ ರಂಗಪ್ಪ ನಾಯಕ. ಆಮೇಲೆ ಬಿಜಾಪುರದವರೂ, 1687ರಿಂದ ಮೊಗಲರೂ ಅಲ್ಲಿಂದ ಸೀಮೆಯನ್ನಾಳಿದರು. ಮಲಿಕ್ ರಿಹಾನನ ಗೋರಿಯೂ 1696ರಲ್ಲಿ ಕಟ್ಟಿದ ಜುಮ್ಮಾ ಮಸೀದಿಯೂ ಆ ಕಾಲದ ಗುರುತುಗಳು. ಈ ಸಂಗತಿಗಳಲ್ಲಿ ಹೆಚ್ಚಿನವನ್ನು ಸಾಹೇಬರು ತಮ್ಮ ಗ್ಯಾಸೆಟಿಯರಿನಲ್ಲಿ ಒಟ್ಟುಗೂಡಿಸಿಟ್ಟರು.

ಇವರು ಜೈನರ ಬಸದಿ, ಶೈವರ ಗುಡಿ, ವೈಷ್ಣವರ ಗುಡಿ, ಮುಸಲ್ಮಾನರ ಮಸೀದಿಗಳಲ್ಲಿದ್ದ ಬರಹಗಳನ್ನು ಒಂದೇ ಶ್ರದ್ಧೆಯಿಂದ ಓದಿದರು. ಪಾರಸಿಯ ಶಾಸನಗಳನ್ನೂ ಬಿಡಲಿಲ್ಲ. ಮಿಶನೆರಿಯ ಮಗನು ಅನ್ಯರ ದೇವರ ಹೆಸರುಳ್ಳ ಕಲ್ಲುಗಳಿಗಾಗಿ ಯಾಕೆ ಇಷ್ಟು ಪ್ರಯಾಸಪಟ್ಟನೆಂದು ನಮ್ಮವರಲ್ಲಿ ಕೆಲವರು ಕೇಳಬಹುದು. ಹೊಸದಾಗಿ ಸಭೆಗೆ ಸೇರಿದವರು ತಮ್ಮ ಹೊಲದಲ್ಲಿರುವ ವೀರಗಲ್ಲನ್ನು ವಿಗ್ರಹವೆಂದೆಣಿಸಿ ಕಿತ್ತು ಬಿಸಾಡುವದಕ್ಕೆ ಮನಸ್ಸುಮಾಡುವದೂ ಉಂಟು. ವೀರಗಲ್ಲು ದೇವರಲ್ಲ, ಸತ್ತವನ ಗುರುತು. ಅದನ್ನು ಪೂಜಿಸದೆ ಇರುವದು ಒಂದು, ಒಡೆಯುವದು ಬೇರೊಂದು. ಯೊರ್ದನಿನ ನಡುವೆಯಿಂದ ಎತ್ತಿ ನಿಲ್ಲಿಸಿದ ಹನ್ನೆರಡು ಕಲ್ಲುಗಳು ಯಾತಕ್ಕೆಂದು ಮಕ್ಕಳು ಕೇಳುವಾಗ ತಂದೆಯು ಉತ್ತರಕೊಡಬೇಕೆಂಬದನ್ನು ನಾವು ಓದಿದ್ದೇವೆ. ಹೊಲದ ಬದುವಿನ ಕಲ್ಲಿನಲ್ಲಿ ಹೆಸರು ಉಳಿಸಿಕೊಂಡವನು ಒಬ್ಬ ದಿಕ್ಕಿಲ್ಲದವನ ತಾತನಾಗಿದ್ದರೂ ಇರಬಹುದು.

ಹಳೆಯ ಕನ್ನಡ ಗ್ರಂಥಗಳನ್ನು ಅಚ್ಚುಹಾಕಿಸುವದರಲ್ಲಿಯೂ ಅವರು ಮುಂದಾದರು. ಓಲೆಯಲ್ಲಿ ಹುಳು ತಿನ್ನುತ್ತಿದ್ದ ಪಂಪನ ಭಾರತ, ಭಟ್ಟಾಕಳಂಕನ ವ್ಯಾಕರಣ ಮೊದಲಾದವು ಹೀಗೆ ಜನರ ಕೈಗೆ ಬಂದವು. ಅದರ ಕಥೆ ಬೇರೆಯಾಗಿ ಬರೆಯತಕ್ಕದ್ದು.

1906ರಲ್ಲಿ ಅವರು ಕೆಲಸದಿಂದ ನಿವೃತ್ತರಾದರು. ಅವರ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರು ಅವರ ಸ್ಥಾನಕ್ಕೆ ಬಂದರು. ಇಂಗ್ಲೆಂಡಿನ ಹ್ಯಾರೋ ಎಂಬ ಊರಿನಲ್ಲಿ ವಾಸಮಾಡುತ್ತಾ, ತಾವು ಓದಿದ ಶಾಸನಗಳಿಂದ ಮೈಸೂರು ಮತ್ತು ಕೊಡಗುಗಳ ಚರಿತ್ರೆಯನ್ನು ಒಂದೇ ಪುಸ್ತಕವಾಗಿ 1909ರಲ್ಲಿ ಪ್ರಕಟಿಸಿದರು. 1927ನೇ ಜುಲೈ 10ರಲ್ಲಿ, ತೊಂಭತ್ತು ವರುಷ ತುಂಬುವದಕ್ಕೆ ಏಳು ದಿವಸಗಳಿರುವಾಗ, ತೀರಿಕೊಂಡರು.

ಓದಿಟ್ಟರೆ ಸಾಕೇ? ಕಾಯುವವರು ಬೇಡವೇ? ಬ್ರಿಟಿಷ್ ಸೀಮೆಗಳಲ್ಲಿ ಪುರಾತನ ಕಟ್ಟಡಗಳನ್ನು ಕಾಪಾಡುವ ಕಾನೂನು 1904ರಲ್ಲಿ, ಅಂದರೆ ನಮ್ಮ ಜಿಲ್ಲೆಯ ಸಂಪುಟವು ಅಚ್ಚಾದ ವರುಷದಲ್ಲಿಯೇ, ಹುಟ್ಟಿತು. ಮೈಸೂರಿನವರು ತಮ್ಮದೇ ಕಾನೂನನ್ನು 1925ರಲ್ಲಿ ಮಾಡಿದರು. ಹ್ಯಾರೋದಲ್ಲಿ ಸಾಹೇಬರು ಆಗ ಇನ್ನೂ ಬದುಕಿದ್ದರು. ಸ್ವಾತಂತ್ರ್ಯ ಬಂದ ಮೇಲೆ 1951ರಲ್ಲಿಯೂ 1958ರಲ್ಲಿಯೂ ಕೇಂದ್ರ ಸರ್ಕಾರದವರೂ, 1961ರಲ್ಲಿ ನಮ್ಮ ರಾಜ್ಯದವರೂ ಕಾನೂನುಗಳನ್ನು ಮಾಡಿದರು. ಮಧುಗಿರಿಯ ಕೋಟೆಯೂ ಶಿರಾದ ಗೋರಿಯೂ ಜುಮ್ಮಾ ಮಸೀದಿಯೂ ಈಗ ಕೇಂದ್ರದ ಪುರಾತತ್ವ ಇಲಾಖೆಯ ವಶದಲ್ಲಿವೆ. ಇಂಥ ಸ್ಥಳದ ಸುತ್ತಲೂ ನೂರು ಮೀಟರಿನೊಳಗೆ ಹೊಸ ಕಟ್ಟಡವನ್ನು ಎಬ್ಬಿಸಕೂಡದು. ಅಲ್ಲಿಂದ ಮುಂದೆ ಇನ್ನೂರು ಮೀಟರಿನ ತನಕ ಅಪ್ಪಣೆಯನ್ನು ಪಡೆದೇ ಕಟ್ಟಬೇಕು. 2010ರ ತಿದ್ದುಪಡಿಯಿಂದ ಇದು ಕಾನೂನಿನೊಳಗೇ ಸೇರಿತು. ಹತ್ತಿರದಲ್ಲಿ ಮನೆಯಿದ್ದವರಿಗೆ ಇದು ಕಷ್ಟವೆಂಬದೂ ನಿಜವೇ. ಒಂದು ಕೋಣೆಯನ್ನು ಸೇರಿಸಿಕೊಳ್ಳಬೇಕಾದರೂ ಅರ್ಜಿ ಹಿಡಿದು ಅಲೆಯಬೇಕಾಗುವದು.

ಕಲ್ಲಿಗೆ ಮಾತ್ರವೇ ಅಲ್ಲ, ಬಯಲಿಗೂ ಇಂಥ ಕಾವಲು ಬಂದದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ 798 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಕೃಷ್ಣಮೃಗಗಳಿಗಾಗಿ ಜಯಮಂಗಲಿ ಸಂರಕ್ಷಣಾ ಪ್ರದೇಶವೆಂದು ಮಾಡಿದರು. 2019ರಲ್ಲಿ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು ಚಿಂಕಾರ ಜಿಂಕೆಗಳ ಅಭಯಾರಣ್ಯವಾಯಿತು.

ಆದರೆ ಕಾನೂನು ಕಾಯುವದು ಪಟ್ಟಿಯಲ್ಲಿ ಹೆಸರಿರುವ ಸ್ಥಳಗಳನ್ನು. ಹೊಲದ ಬದುವಿನ ಕಲ್ಲಿಗೆ ಕಾವಲುಗಾರನಿಲ್ಲ. ಟ್ರ್ಯಾಕ್ಟರು ನೆಲವನ್ನು ಸಮಮಾಡುವಾಗ, ಕೆರೆಯ ಏರಿಯನ್ನು ಅಗಲಮಾಡುವಾಗ, ರಸ್ತೆಗೆ ಜಲ್ಲಿ ಬೇಕಾದಾಗ ಅದು ಹೋದರೆ ಕೇಳುವವರಿಲ್ಲ. ಅಂಥಾ ಎಷ್ಟೋ ಕಲ್ಲುಗಳು ಹೋಗಿ, ಅವುಗಳ ಮಾತು ಸಾಹೇಬರ ಪುಸ್ತಕದಲ್ಲಿ ಮಾತ್ರ ಉಳಿದದೆ. ತಮ್ಮ ಊರಿನ ಕಲ್ಲು ಅದರಲ್ಲಿ ಉಂಟೋ ಎಂದು ನೋಡಬೇಕೆನ್ನುವವರು ಹನ್ನೆರಡನೆಯ ಸಂಪುಟವನ್ನು ತರಿಸಿಕೊಳ್ಳಲಿ. ದೊಡ್ಡ ಪುಸ್ತಕಶಾಲೆಗಳಲ್ಲಿ ಸಿಕ್ಕುವದು. ಶಾಸನಗಳನ್ನು ತಾಲ್ಲೂಕು ತಾಲ್ಲೂಕಾಗಿ ನಂಬರು ಹಾಕಿ, ಊರಿನ ಹೆಸರನ್ನೂ, ಕಲ್ಲು ಏರಿಯ ಮೇಲಿದೆಯೋ ಹೊಲದಲ್ಲಿದೆಯೋ ಗುಡಿಯ ಮುಂದಿದೆಯೋ ಎಂಬದನ್ನೂ ಬರೆದದೆ. ಶಿರಾದವರಿಗೂ ಪಾವಗಡದವರಿಗೂ ತೊಡಕಿಲ್ಲ. ಮಧುಗಿರಿಯವರು ಮದ್ದಗಿರಿ ಎಂಬ ಹೆಸರಿನ ಕೆಳಗೆ ನೋಡಬೇಕು. ಕೊರಟಗೆರೆಯು ಆಗ ಮದ್ದಗಿರಿಗೆ ಸೇರಿದ ಉಪತಾಲ್ಲೂಕಾಗಿದ್ದದರಿಂದ ಆ ಕಡೆಯ ಊರಿನವರೂ ಮೊದಲು ಅಲ್ಲಿಯೇ ಹುಡುಕತಕ್ಕದ್ದು.